ಟವೆಲ್ಲಿನ ಕೆಳಗಿನ ಮಾತು

ನನ್ನ ಗೈಡ್ ಆಗಿದ್ದ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಹೋಗಿತ್ತು. ಚಿಕ್ಕಂದಿನಲ್ಲಿ ಹೋರಿಯ ಹಗ್ಗ ಬೆರಳಿಗೆ ಸುತ್ತಿಕೊಂಡು ಎಳೆದಾಗ ಕಿತ್ತುಹೋದದ್ದು, ಮತ್ತೆ ಬೆಳೆಯುವಾಗ ಎರಡು ಹೋಳಾಗಿಯೇ ಬೆಳೆಯಿತಂತೆ. ಆ ಕೈ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಆ ಉಗುರು, ಆ ತಣ್ಣನೆಯ ಕೈ ಎರಡೂ ನನಗೆ ಮೊದಲ ದಿನವೇ ಗೊತ್ತಾದವು. ಪಿಎಚ್‌ಡಿ ಮಾಡಬೇಕೆಂದು ಅವರ ಕೊಠಡಿಗೆ ಹೋಗಿ ಕೂತಿದ್ದೆ. ಲ್ಯಾಪ್‌ಟಾಪ್ ಪಕ್ಕದಲ್ಲಿ ಕೆಂಪಂಚಿನ ಟವೆಲ್ ಒಂದು ಮಡಚಿಟ್ಟಿತ್ತು. ಅದನ್ನು ಬಿಡಿಸಿ ನನ್ನ ಕೈ ಮೇಲೆ ಹೊದಿಸಿದರು, ಅದರ ಕೆಳಗೆ ನನ್ನ ಬೆರಳುಗಳನ್ನು ಹಿಡಿದುಕೊಂಡರು.

"ನಾನು ಎಂಥ ಗೈಡು ಅಂತ ವಿಚಾರಿಸ್ಕೊಂಡೇ ಬಂದಿರ್ತೀಯ. ಬಾಯಲ್ಲಿ ಹೇಳ್ಬೇಡ. ಐದು ಬೆರಳು ಅಂದ್ರೆ ತುಂಬಾ ಒಳ್ಳೆಯವಳು, ಒಂದು ಅಂದ್ರೆ ತುಂಬಾ ಕೆಟ್ಟವಳು. ಕೊಡು."

ನಾನು ನಾಲ್ಕು ಬೆರಳು ಕೊಟ್ಟೆ.

"ಸುಳ್ಳಿ," ಎಂದರು. "ಹೊರಗಡೆ ಎಲ್ರೂ ನನ್ನ ಪಿಶಾಚಿ ಅಂತಾರೆ, ನಿಂಗೂ ಹೇಳಿರ್ತಾರೆ. ನಾಲ್ಕನೇ ಬೆರಳು ಕೊಡುವಾಗ ನಡುಗಿದ್ಯಲ್ಲ, ಅದೊಂದೇ ನಿಜ. ಸೋಮವಾರದಿಂದ ಬಾ."

ಯಲಹಂಕದಿಂದ ಸ್ವಲ್ಪ ಆಚೆಗಿದ್ದ ಖಾಸಗಿ ಇಂಜಿನಿಯರಿಂಗ್ ಕಾಲೇಜು ಅದು. ನಾನೂ ಅಲ್ಲೇ ಪಾಠ ಮಾಡುತ್ತಿದ್ದೆ. ಡಾಕ್ಟರೇಟ್ ಇಲ್ಲದವರಿಗೆ ಆಡಳಿತ ಮಂಡಳಿಯವರು ಒಂದು ಗಡುವು ಹಾಕಿದ್ದರು. ಅಷ್ಟರೊಳಗೆ ಮುಗಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಮನೆ ಸಾಲ, ಮಗಳ ಶಾಲೆ ಎಲ್ಲ ಆ ಸಂಬಳದ ಮೇಲೇ ನಿಂತಿದ್ದವು. ಜಾಗ ಖಾಲಿ ಇದ್ದ ಗೈಡ್ ಇವರೊಬ್ಬರೇ. ಖಾಲಿ ಯಾಕಿತ್ತು ಅಂತ ಬೇಗನೇ ಗೊತ್ತಾಯಿತು, ನನಗಿಂತ ಮುಂಚೆ ಸೇರಿದವರೆಲ್ಲ ಓಡಿಹೋಗಿದ್ದರು.

ಮೇಡಂ ಅಲ್ಲಾಳಸಂದ್ರದವರು. ಅಲ್ಲಿ ಅಪಾರ್ಟ್‌ಮೆಂಟುಗಳು ಏಳುವುದಕ್ಕೆ ಮುಂಚಿನ ಅಲ್ಲಾಳಸಂದ್ರ. ತಂದೆ ದನದ ದಲ್ಲಾಳಿ. ಜಾತ್ರೆಗಳಲ್ಲಿ ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಟವೆಲ್ ಕೆಳಗೆ ಹಿಡಿದು, ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ಕಾಣದಂತೆ ಬೆರಳಲ್ಲೇ ಬೆಲೆ ಕುದುರಿಸುತ್ತಿದ್ದವರು. ಮಗಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಕೊನೆಗೆ ಜಮೀನು ಅಣ್ಣಂದಿರ ಪಾಲಾಯಿತು, ಅವರು ಬಿಲ್ಡರ್‌ಗಳಾದರು. ಇವರಿಗೆ ಟವೆಲ್ ಸಿಕ್ಕಿತು. ಇವರು ಮದುವೆಯಾಗಲಿಲ್ಲ. ಗಣಿತ ಓದಿದರು, ಪಾಠ ಮಾಡಿದರು, ಎಲ್ಲರನ್ನೂ ಬೈದರು.

ಅವರ ವಿಷಯ ಫಜ್ಜಿ ವಿಧಾನದಿಂದ ತೀರ್ಮಾನ ಮಾಡುವುದು. ಹೆಸರು ಕೇಳಿ ಹೆದರಬೇಕಿಲ್ಲ. ಒಂದು ಕಂಪನಿಯಲ್ಲಿ ಲೆಕ್ಕವಿಲ್ಲದಷ್ಟು ಮಾಹಿತಿ ಬಂದು ಬೀಳುತ್ತಿದೆ ಅನ್ನಿ. ಅದನ್ನು ಜಾಲಿಸಿ ಅರ್ಥ ತೆಗೆಯುವುದಕ್ಕೆ ಬಿಗ್ ಡೇಟಾ ಸಾಫ್ಟ್‌ವೇರ್ ಬೇಕು. ಮಾರುಕಟ್ಟೆಯಲ್ಲಿ ಹತ್ತಾರು ಇವೆ. ಯಾವುದು ತಗೊಳ್ಳಬೇಕು? ಬೆಲೆ, ವೇಗ, ನಮ್ಮ ಹುಡುಗರಿಗೆ ಕಲಿಯಲು ಬರುತ್ತದೋ ಇಲ್ಲವೋ, ಕೆಟ್ಟರೆ ಫೋನ್ ಎತ್ತುವವರಿದ್ದಾರೋ ಇಲ್ಲವೋ, ಇದನ್ನೆಲ್ಲ ತಿಳಿದವರನ್ನು ಕೇಳಬೇಕು. ಅವರು ಅಂಕಿಯಲ್ಲಿ ಹೇಳುವುದಿಲ್ಲ. "ಪರವಾಗಿಲ್ಲ" ಅನ್ನುತ್ತಾರೆ, "ಚೆನ್ನಾಗಿದೆ" ಅನ್ನುತ್ತಾರೆ. ಒಬ್ಬನ "ಚೆನ್ನಾಗಿದೆ" ಇನ್ನೊಬ್ಬನದರಷ್ಟೇ ತೂಕದ್ದಲ್ಲ. ಅದಕ್ಕೇ ಆ ಮಾತಿಗೆ ಒಂದೇ ಅಂಕಿ ಕೊಡದೆ ಕನಿಷ್ಠ ಇಷ್ಟು, ಹೆಚ್ಚಾಗಿ ಇಷ್ಟು, ಗರಿಷ್ಠ ಇಷ್ಟು ಅಂತ ಮೂರು ಕೊಡುತ್ತಾರೆ. ಆಮೇಲೆ ಎಲ್ಲರ ಮಾತನ್ನೂ ಕೂಡಿಸಿ ಯಾವ ಸಾಫ್ಟ್‌ವೇರ್ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ ಅಂತ ಲೆಕ್ಕ ಹಾಕುತ್ತಾರೆ.

ಬೇರೆ ಗೈಡುಗಳು ಒಂದು ಪ್ರಶ್ನಾವಳಿ ಇಮೇಲ್ ಮಾಡಿ ಕೆಲಸ ಮುಗಿಸುತ್ತಿದ್ದರು. ಮೇಡಂ ಅದನ್ನು ಒಪ್ಪುತ್ತಿರಲಿಲ್ಲ. "ನಮ್ ಜನ ಎದುರಿಗೆ ಕೆಟ್ಟದು ಅನ್ನಲ್ಲ ಕಣಮ್ಮ. ಸಾಹೇಬ್ರು ಏನಂದ್ರೋ ಅದನ್ನೇ ಅಂತಾರೆ. ಬಾಯಿ ಸುಳ್ಳು ಕಲ್ತಿದೆ, ಬೆರಳಿಗೆ ಇನ್ನೂ ಯಾರೂ ಕಲಿಸಿಲ್ಲ," ಎನ್ನುತ್ತಿದ್ದರು. ಒಬ್ಬೊಬ್ಬರನ್ನೇ ಕರೆದು ಟವೆಲ್ ಕೆಳಗೆ ಬೆರಳು ಕೇಳುತ್ತಿದ್ದರು. ಬೆರಳು ಅರ್ಧಕ್ಕೆ ಬಗ್ಗಿದರೆ, ಮುಂದೆ ಬಂದು ಹಿಂದೆ ಹೋದರೆ, ಆ ಅನುಮಾನವೂ ಲೆಕ್ಕಕ್ಕೆ ಸೇರುತ್ತಿತ್ತು. ಹೆಂಗಸೊಬ್ಬರು ಕೈ ಹಿಡಿದಾಗ ಗಂಡಸರು ನಾಚುತ್ತಿದ್ದರು. "ಮೂಳೆ ಹಿಡ್ಕೊಂಡಿದೀನಿ ಕಣ್ರೀ, ಮನಸ್ಸಲ್ಲ. ಬೇಗ ಹೇಳಿ," ಎಂದು ಗದರುತ್ತಿದ್ದರು.

ಕ್ರೂರಿ ಎನ್ನುವ ಮಾತು ಅವರಿಗೆ ಒಪ್ಪುತ್ತಿತ್ತು. ಅದನ್ನು ಮೆದು ಮಾಡಿ ಹೇಳುವುದಕ್ಕೆ ನನಗೆ ಮನಸ್ಸಿಲ್ಲ. ತನ್ನ ಲೇಖನ ಪ್ರಕಟವಾಯಿತೆಂದು ಮೈಸೂರುಪಾಕು ತಂದ ಹುಡುಗನ ಡಬ್ಬಿಯಿಂದ ಒಂದು ತೆಗೆದು ಬಾಯಿಗೆ ಹಾಕಿಕೊಂಡು, ಪೂರ್ತಿ ತಿಂದು, "ಇದು ಚೆನ್ನಾಗಿದೆ. ಇದನ್ನೇ ಮಾಡ್ಕೊಂಡಿರು," ಎಂದಿದ್ದರು. ಕಾರಿಡಾರಿನಲ್ಲಿ ಹುಡುಗರು "ಮಗಾ, ಪಿಶಾಚಿ ಮೂಡು ಹೆಂಗಿದೆ ಇವತ್ತು?" ಅಂತ ಕೇಳಿಕೊಂಡೇ ಒಳಗೆ ಹೋಗುತ್ತಿದ್ದರು. ಮೂಡು ಯಾವತ್ತೂ ಹಾಗೇ ಇರುತ್ತಿತ್ತು.

ನಮ್ಮ ಅತ್ತೆ ತೀರಿಕೊಂಡಾಗ ಫೋನ್ ಮಾಡಿ ರಜೆ ಕೇಳಿದೆ. ಸಂತಾಪ ಹೇಳುತ್ತಾರೇನೋ ಎಂದು ಕಾದೆ.

"ಸತ್ತೋರಿಗೆ ಅರ್ಜೆಂಟಿಲ್ಲ, ನಿಂಗಿದೆ," ಎಂದರು. "ಶುಕ್ರವಾರ ಎರಡನೇ ಅಧ್ಯಾಯ ನನ್ನ ಟೇಬಲ್ ಮೇಲಿರ್ಬೇಕು."

ಮನೆ ತುಂಬ ನೆಂಟರು. ಒಳಕೋಣೆಯಲ್ಲಿ ಕೂತು ಟೈಪ್ ಮಾಡಿದೆ. ಗಂಡನ ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ಇವಳಿಗೆ ಅತ್ತೆ ಹೋದದ್ದೇ ಅನುಕೂಲ ಆಯ್ತು," ಎಂದರು. ಆ ಮಾತು ಇವತ್ತಿಗೂ ನಮ್ಮ ಮನೆಯಲ್ಲಿದೆ. ಶುಕ್ರವಾರ ಕೊಟ್ಟೆ. ಮೇಡಂ ನಿಂತುಕೊಂಡೇ ಓದಿ, ಉದ್ದಕ್ಕೂ ಕೆಂಪು ಗೀಟು ಎಳೆದು ವಾಪಸು ಕೊಟ್ಟರು.

"ಅಳ್ತಾ ಬರೆದಿದೀಯ, ಕಾಣುತ್ತೆ. ಇನ್ನೊಂದ್ಸಲ ಬರಿ."

ಆವತ್ತು ನಾನು ಅವರನ್ನು ದ್ವೇಷಿಸಲು ಶುರು ಮಾಡಿದೆ. ಹಾಗಂತ ಬಿಟ್ಟು ಹೋಗುವ ಹಾಗಿರಲಿಲ್ಲ. ಗೈಡ್ ಬದಲಾಯಿಸಿದರೆ ಮೊದಲಿನಿಂದ ಶುರು ಮಾಡಬೇಕು, ಗಡುವು ಮುಗಿದುಹೋಗುತ್ತದೆ.

ಪ್ರಬಂಧಕ್ಕೆ ಒಂದು ನಿಜವಾದ ಕಂಪನಿಯ ಉದಾಹರಣೆ ಬೇಕಿತ್ತು. ಯಶವಂತಪುರದಲ್ಲಿ ಒಂದು ಲಾರಿ ಕಂಪನಿ ಒಪ್ಪಿಕೊಂಡಿತು. ಮಾಲೀಕರು ಬ್ಯಾಟರಾಯನಪುರದ ಕಡೆಯ ಹಳೇ ಒಕ್ಕಲು ಮನೆತನದವರು. ಹೊಲ ಮಾರಿ ಲಾರಿ ಕೊಂಡವರು. ದೊಡ್ಡ ಮೈ, ಅದಕ್ಕಿಂತ ದೊಡ್ಡ ಗಂಟಲು. ಪ್ರತಿ ಲಾರಿಯಿಂದಲೂ ಎಲ್ಲಿದೆ, ಎಷ್ಟು ಡೀಸೆಲ್ ಕುಡಿಯಿತು, ಟೈರು ಎಷ್ಟು ಕಾದಿದೆ ಅಂತ ಕ್ಷಣಕ್ಷಣಕ್ಕೂ ಮಾಹಿತಿ ಬರುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಅದನ್ನು ಜಾಲಿಸುವ ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ಒಂದನ್ನು ಆರಿಸಬೇಕು. ಆ ನಾಲ್ಕರಲ್ಲಿ ಒಂದನ್ನು ಮಾರುತ್ತಿದ್ದವನು ಮಾಲೀಕರ ಅಳಿಯ.

ಅಭಿಪ್ರಾಯ ಹೇಳಬೇಕಾದವರು ಆರು ಜನ. ಮಾಲೀಕರು, ಅವರ ತಮ್ಮ, ಅಕೌಂಟೆಂಟು, ಗ್ಯಾರೇಜಿನ ಮೇಸ್ತ್ರಿ, ಕಂಪ್ಯೂಟರ್ ವಿಭಾಗದ ಇಬ್ಬರು. ಅಳಿಯ ಮಾರುವವನಾದ್ದರಿಂದ ಅವನಿಗೆ ಮತವಿಲ್ಲ. ಆದರೂ ಬಂದು ಮಾವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ. ಟೀ ಬಂತು, ಬಿಸ್ಕತ್ತು ಬಂತು.

"ಅಳಿಯಂದ್ರ್ದು ಫಸ್ಟ್‌ಕ್ಲಾಸಾಗೈತೆ, ಬರ್ಕಳಮ್ಮ," ಎಂದರು ಮಾಲೀಕರು. ತಮ್ಮ ಹೂಂ ಎಂದ. ಅಕೌಂಟೆಂಟು, ಮೇಸ್ತ್ರಿ, ಕಂಪ್ಯೂಟರಿನವರು ಸಾಲಾಗಿ ಅದನ್ನೇ ಹೇಳಿದರು. ನಾನು ಸಂತೋಷವಾಗಿ ಬರೆದುಕೊಂಡೆ. ಒಂದೇ ದಿನಕ್ಕೆ ಮುಗಿಯಿತಲ್ಲ ಎಂದು ಸಮಾಧಾನ.

ಜೊತೆಗೆ ಬಂದಿದ್ದ ಮೇಡಂ ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಎಲ್ಲರೆದುರೇ ಹರಿದರು. "ಇದಕ್ಕೆ ನಾವು ಬರ್ಬೇಕಿತ್ತಾ? ಟೇಪ್ ರೆಕಾರ್ಡರ್ ಇಟ್ಟಿದ್ರೆ ಸಾಕಿತ್ತು," ಎಂದವರೇ ಪಕ್ಕದ ಕೋಣೆಗೆ ಹೋಗಿ, ಟವೆಲ್ ಬಿಡಿಸಿ, ಒಬ್ಬೊಬ್ಬರನ್ನೇ ಕರೆದರು. ನನ್ನನ್ನೂ ಒಳಗೆ ಬಿಡಲಿಲ್ಲ. ಸಂಜೆ ಕಾರಿನಲ್ಲಿ ಕೂತ ಮೇಲೆ ಆರು ಜನರ ಉತ್ತರಗಳನ್ನು ಹೆಸರಿಲ್ಲದೆ, ಹಿಂದುಮುಂದು ಮಾಡಿ ನನ್ನ ಕೈಲಿ ಬರೆಸಿದರು.

ಲೆಕ್ಕ ಹಾಕಿದೆ. ಅಳಿಯನ ಸಾಫ್ಟ್‌ವೇರ್ ಎಲ್ಲಕ್ಕಿಂತ ಕೊನೆಗೆ ಬಂತು. ಐದು ಜನ ಅದಕ್ಕೆ ಒಂದು ಬೆರಳು ಕೊಟ್ಟಿದ್ದರು. ಒಬ್ಬ ಮಾತ್ರ ಐದು ಬೆರಳು, ಒಂದಿಷ್ಟೂ ಅನುಮಾನಿಸದೆ.

ಫಲಿತಾಂಶ ಹೇಳುವ ದಿನ ಮಾಲೀಕರು ಮೇಜು ಗುದ್ದಿದರು. "ಆ ಐದು ಬೆಳ್ಳು ನಂದು! ಮಿಕ್ಕಿದ್ ಐದ್ ಜನ ಯಾವ್ ನನ್ಮಕ್ಳು ಅಂತ ಏಳ್ರಿ ಮೇಡಂ! ನನ್ ಅನ್ನ ತಿಂದು ಇಂಗೆ ಮಾಡದಾ?" ಅಕೌಂಟೆಂಟಿನ ಮುಖ ಬಿಳಿಚಿಕೊಂಡಿತು. ಅಳಿಯ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದ.

"ಟವೆಲ್ ಕೆಳಗಿನ ಮಾತು ಟವೆಲ್ ಕೆಳಗೇ," ಎಂದು ಮೇಡಂ ಎದ್ದರು. "ನಮ್ಮಪ್ಪ ಸಾಯೋವರೆಗೂ ಒಂದು ಹೋರಿ ಬೆಲೆ ಹೊರಗಡೆ ಹೇಳ್ಲಿಲ್ಲ."

ಅಳಿಯ ಸುಮ್ಮನಿರಲಿಲ್ಲ. ಅಂಕಿಅಂಶವೆಲ್ಲ ಕಟ್ಟುಕಥೆ ಎಂದು ಕಾಲೇಜಿಗೆ ದೂರು ಕೊಟ್ಟ. ಸಂಶೋಧನಾ ಸಮಿತಿ ನಮ್ಮಿಬ್ಬರನ್ನೂ ಕರೆಯಿತು. ಯಾರು ಯಾವ ಉತ್ತರ ಕೊಟ್ಟರು, ಹೆಸರು ಸಮೇತ ತೋರಿಸಿ ಎಂದರು. ನಾನು ಪಕ್ಕದಲ್ಲಿ ಕೂತಿದ್ದ ಮೇಡಂ ಕಡೆ ನೋಡಿದೆ. ಅವರ ತಲೆಯಲ್ಲಿ ಆರೂ ಹೆಸರುಗಳಿವೆ ಎನ್ನುವುದು ನನಗೆ ಗೊತ್ತಿತ್ತು, ಅವರು ಏನನ್ನೂ ಮರೆಯುತ್ತಿರಲಿಲ್ಲ. ಸಮಿತಿಗೆ ಮಾತ್ರ ಗುಟ್ಟಾಗಿ ತಿಳಿಸಿದ್ದರೂ ನನ್ನ ಕೆಲಸ ಉಳಿಯುತ್ತಿತ್ತು.

"ನನ್ನ ಹತ್ರ ಬರಹದಲ್ಲಿ ಏನೂ ಇಲ್ಲ," ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗದೆಯೇ, "ಬರೆದಿಟ್ಕೊಳ್ಳೋದು ವಿದ್ಯಾರ್ಥಿ ಕೆಲಸ," ಎಂದರು.

ಸಮಿತಿಯವರು ನನ್ನನ್ನು ನೋಡಿದರು. ಅಧ್ಯಾಯ ತಿರಸ್ಕೃತವಾಯಿತು, ಹೊಸ ಉದಾಹರಣೆ ಹುಡುಕಿ ಮತ್ತೆ ಮಾಡಬೇಕೆಂದು ಬರೆದುಕೊಟ್ಟರು. ಎಲ್ಲರೂ ಹೋದ ಮೇಲೆ ಕಾರಿಡಾರಿನಲ್ಲಿ ಅವರನ್ನು ಅಡ್ಡಗಟ್ಟಿದೆ.

"ಮೇಡಂ, ನಿಮಗೆ ಗೊತ್ತಿದೆ."

"ಗೊತ್ತಿದೆ."

"ಹೇಳ್ಬಹುದಿತ್ತು. ನನ್ ಕೆಲ್ಸ ಹೋಗುತ್ತೆ ಮೇಡಂ."

"ಹೋಗುತ್ತೆ," ಎಂದರು. "ಇನ್ನೊಂದು ಹುಡುಕ್ಕೋ. ನಿನ್ನ ಡಾಕ್ಟರೇಟಿಗೋಸ್ಕರ ನಾನು ನಮ್ಮಪ್ಪನ ಟವೆಲ್ ಎತ್ತಲ್ಲ."

ಕೆಲಸ ಹೋಯಿತು. ಗಡುವು ಮುಗಿದ ತಿಂಗಳೇ ಕಳಿಸಿದರು. ಮತ್ತಿಕೆರೆಯ ಕಡೆ ಎರಡು ಕಾಲೇಜುಗಳಲ್ಲಿ ತರಗತಿಗೆ ಇಷ್ಟು ಅಂತ ಪಾಠ ಹೇಳಿದೆ, ಒಂದರಿಂದ ಇನ್ನೊಂದಕ್ಕೆ ಬಿಸಿಲಲ್ಲಿ ನಡೆದೇ ಹೋಗುತ್ತಿದ್ದೆ. ಮಗಳನ್ನು ಕಡಿಮೆ ಫೀಸಿನ ಶಾಲೆಗೆ ಹಾಕಿದೆವು. ಆಗೆಲ್ಲ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ ರೀತಿ ಒಂದಿತ್ತು. ಬಿಳಿಚಿಕೊಂಡಿದ್ದ ಆ ಅಕೌಂಟೆಂಟಿನ ಮುಖ ನೆನೆಸಿಕೊಳ್ಳುತ್ತಿದ್ದೆ. ಪಾಪದವನೊಬ್ಬನ ಅನ್ನ ಉಳಿಸುವುದಕ್ಕಾಗಿ ಮೇಡಂ ಹಾಗೆ ಮಾಡಿದರು, ನನ್ನ ಅನ್ನ ಹೋದರೂ ಇನ್ನೊಂದು ಮನೆಯಲ್ಲಿ ಒಲೆ ಉರಿಯುತ್ತಿದೆ ಅಂದುಕೊಂಡರೆ ಹೊಟ್ಟೆಯ ಉರಿ ಸ್ವಲ್ಪ ಕಡಿಮೆಯಾಗುತ್ತಿತ್ತು.

ಆರ್.ಟಿ. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನವರು ಹೆಸರು ಹಾಕಿ ಸಹಿ ಮಾಡಿ ಉತ್ತರ ಕೊಡಲು ಒಪ್ಪಿದರು. ಅಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಗೈಡ್ ಆಗಿ ಮೇಡಂ ಅವರನ್ನು ಮಾತ್ರ ಬಿಡಲಿಲ್ಲ, ಬಿಟ್ಟರೆ ಸೋತಂತೆ ಅನ್ನಿಸಿತು. ಹೀಗೇ ಪ್ರಬಂಧ ಮುಗಿಯುವ ಹೊತ್ತಿಗೆ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು.

ಹೆಬ್ಬಾಳದ ಆಸ್ಪತ್ರೆಗೆ ಸಹಿಗಾಗಿ ಹೋದೆ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಒಂದು ಕೈಗೆ ಡ್ರಿಪ್ ಹಾಕಿತ್ತು, ಇನ್ನೊಂದು ಕೈಯಲ್ಲಿ ಕೆಂಪು ಪೆನ್ನಿತ್ತು. ನರ್ಸಮ್ಮ "ಮಲ್ಕೊಳಿ ಅಮ್ಮ," ಎಂದರೆ "ನೀನು ಮಲ್ಕೋ ಹೋಗು," ಎಂದು ಓದುತ್ತಲೇ ಇದ್ದರು. ಮಧ್ಯಾಹ್ನವೆಲ್ಲ ಓದಿದರು. ಗೀಟು ಎಲ್ಲೂ ಎಳೆಯಲಿಲ್ಲ. ನನಗೆ ಭಯವಾಯಿತು.

"ನಾಲ್ಕನೇ ಅಧ್ಯಾಯದಲ್ಲಿ ಒಂದು ತಪ್ಪಿದೆ," ಎಂದರು.

"ಎಲ್ಲಿ ಮೇಡಂ?"

"ಹೇಳಲ್ಲ. ಸಣ್ಣದೇನಲ್ಲ."

ನಾನು ಪುಟ ತಿರುವಿದೆ. ಅವರು ಸಹಿ ಮಾಡುವ ಹಾಳೆ ಕೇಳಿದರು. ಸೀಳಿದ ಉಗುರಿನ ಆ ಹೆಬ್ಬೆರಳಿಗೆ ಪೆನ್ನು ಒತ್ತಿಕೊಂಡು ಸಹಿ ಹಾಕಿದರು.

"ತಪ್ಪಿದೆ ಅಂತೀರಿ, ಸಹಿನೂ ಹಾಕ್ತೀರಿ?"

"ನೋಡೋವ್ರು ಯಾರೂ ಕಂಡುಹಿಡಿಯಲ್ಲ, ಪಾಸ್ ಮಾಡ್ತಾರೆ. ನೀನು ಕಂಡುಹಿಡಿ."

ಮುಂದಿನ ವಾರ ಮತ್ತೆ ಹೋಗಿ ಬೇಡಿಕೊಂಡೆ. ನಾಚಿಕೆ ಬಿಟ್ಟು ಅತ್ತೆ. ಮಾತಾಡಲು ತ್ರಾಣವಿಲ್ಲದಿದ್ದರೂ ಅವರ ಕಣ್ಣಿನಲ್ಲಿ ಒಂದು ಖುಷಿಯಿತ್ತು. "ಇನ್ನೂ ಸಿಕ್ಕಿಲ್ವಾ? ದಡ್ಡಿ," ಎಂದರು. ಅದೇ ಅವರು ನನ್ನ ಜೊತೆ ಆಡಿದ ಕೊನೆಯ ಮಾತು. ಮತ್ತೆ ಹೋಗುವಷ್ಟರಲ್ಲಿ ಮಂಚ ಖಾಲಿಯಾಗಿತ್ತು.

ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಕೋಪ, ಹೇಳದೆ ಹೋದರಲ್ಲ ಅಂತ. ಆಮೇಲೆ ನೆಮ್ಮದಿ. ದುಃಖ ಅದರ ಹಿಂದೆಯೂ ಇರಲಿಲ್ಲ.

ಅಣ್ಣಂದಿರು ತಿಥಿಯೂಟ ಜೋರಾಗಿ ಮಾಡಿಸಿದರು. ಶಾಮಿಯಾನದ ಮುಂದೆ ಆಳೆತ್ತರದ ಫ್ಲೆಕ್ಸ್, ಅದರಲ್ಲಿ ಮೇಡಂ ಚಿತ್ರ, ಕೆಳಗೆ "ಮಮತೆಯ ಮಡಿಲು, ಮೃದುಭಾಷಿ" ಎಂದು ಬರೆಸಿದ್ದರು. ಬಂದಿದ್ದ ಹಳೇ ವಿದ್ಯಾರ್ಥಿಗಳು ಅದನ್ನು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೈಸೂರುಪಾಕಿನ ಹುಡುಗ ನಗು ತಡೆಯಲಾರದೆ ಹೊರಗೆ ಎದ್ದುಹೋದ.

ನನ್ನ ಎದುರಿನ ಎಲೆಗೆ ಲಾರಿ ಕಂಪನಿಯ ಮಾಲೀಕರು ಬಂದು ಕೂತರು. ಗುರುತು ಹಿಡಿದರು. ಪಾಯಸ ಕೈಗೆ ಬಳಿದುಕೊಂಡು ತಿನ್ನುತ್ತ ಕೇಳಿದರು.

"ನೀನು ಆ ಓದೋ ಉಡ್ಗಿ ಅಲ್ವೇನಮ್ಮ? ನಿಮ್ ಮೇಡಂ ದೊಡ್ ಮನ್ಸ್ರು ಕಣಮ್ಮ. ನನ್ ಮಾನ ಉಳ್ಸುದ್ರು."

"ನಿಮ್ಮ ಮಾನವೇ?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಅವತ್ತು ನಾನೂ ಒಂದೇ ಬೆಳ್ಳು ಕೊಟ್ಟಿದ್ದೆ. ಆ ಅಳಿಯನ್ ಮಾಲು ಯಾವನಿಗ್ ಬೇಕಿತ್ತು? ಆದ್ರೆ ಬಾಯ್ಬಿಟ್ಟು ಏಳಕ್ಕಾಯ್ತದಾ? ಮಗಳು ಅವನ್ ಮನೇಲವ್ಳೆ. ನಾನು ಮೇಜ್ ಗುದ್ದಿ ಎಗರಾಡ್ದೆ, ಕೊನೇಗೆ ಯುನಿವರ್ಸಿಟಿ ಲೆಕ್ಕ ಇಂಗ್ ಬಂದೈತಪ್ಪಾ, ನಾನೇನ್ ಮಾಡ್ಲಿ ಅಂದೆ. ತಪ್ಪುಸ್ಕೊಂಡೆ."

"ಹಾಗಾದರೆ ಐದು ಬೆರಳು ಕೊಟ್ಟವರು ಯಾರು?"

"ಇನ್ಯಾರು? ನಮ್ ಅಕೌಂಟೆಂಟು," ಎಂದು ಮೈಯೆಲ್ಲ ಕುಲುಕಿಸಿ ನಕ್ಕರು. "ಟವಲ್ ಒಳಗೂ ಎದ್ರುಕೊಂಡವ್ನೆ ನನ್ಮಗ. ಅವನೇ ಬಂದು ನನ್ ಕಾಲಿಗ್ ಬಿದ್ದು ಏಳ್ದ."

ನನ್ನ ಕೆಲಸ, ನನ್ನ ಮಗಳ ಶಾಲೆ ಹೋದದ್ದು, ಮತ್ತಿಕೆರೆಯ ಬಿಸಿಲಲ್ಲಿ ನಡೆದದ್ದು, ಎಲ್ಲವೂ ಒಬ್ಬ ಸಿರಿವಂತ ಮಾವ ಅಳಿಯನೆದುರು ಒಳ್ಳೆಯವನಾಗಿ ಉಳಿಯಲಿ ಎಂದು. ಬಡವನ ಒಲೆಯೂ ಇಲ್ಲ, ಏನೂ ಇಲ್ಲ. ಮೇಡಂಗೆ ಇದು ಗೊತ್ತಿತ್ತು. ಬೆರಳು ಯಾರದಾದರೂ ಅವರು ಇದನ್ನೇ ಮಾಡುತ್ತಿದ್ದರು. ಎಲೆ ಮಡಚಿ ಎದ್ದೆ.

ಕಾಲೇಜಿನವರು ಹೊಸ ಗೈಡ್ ಒಬ್ಬರನ್ನು ಕೊಟ್ಟರು. ತುಂಬಾ ಒಳ್ಳೆಯವರು. "ಎಲ್ಲಾ ಚೆನ್ನಾಗಿದೆಯಮ್ಮ, ಟೆನ್ಷನ್ ಮಾಡ್ಕೋಬೇಡಿ," ಎಂದು ಮುಟ್ಟದೆಯೇ ಕಳಿಸಿಕೊಟ್ಟರು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ನಾಲ್ಕನೇ ಅಧ್ಯಾಯವನ್ನೇ ಎತ್ತಿ ಹೊಗಳಿದರು, ಇಷ್ಟು ಅಚ್ಚುಕಟ್ಟಾದ ಲೆಕ್ಕ ನೋಡಿ ಬಹಳ ದಿನವಾಗಿತ್ತು ಎಂದರು. ಟೀ ಬಂತು, ಬಿಸ್ಕತ್ತು ಬಂತು. ಒಬ್ಬರು ತುಂಬಾ ಚೆನ್ನಾಗಿದೆ ಎಂದರು, ಪಕ್ಕದವರೂ ತುಂಬಾ ಚೆನ್ನಾಗಿದೆ ಎಂದರು. ಒಂದು ಕಷ್ಟದ ಪ್ರಶ್ನೆ ಯಾರೂ ಕೇಳಲಿಲ್ಲ. ಶಾಲು ಹೊದಿಸಿ ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ಅಳುತ್ತಿದ್ದೇನೆ. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ಆ ಹೆಂಗಸಿಗಾಗಿ ನಾನು ಅತ್ತದ್ದು ಅದೇ ಮೊದಲು. ಅಲ್ಲಿ ಅವರು ಇದ್ದಿದ್ದರೆ ಎದ್ದು ನಿಂತು ನನ್ನ ಮಾನ ತೆಗೆಯುತ್ತಿದ್ದರು, ಆಗ ಕನಿಷ್ಠ ನನ್ನ ಕೆಲಸ ಎಂಥದ್ದೆಂದು ನನಗೆ ತಿಳಿಯುತ್ತಿತ್ತು.

ಈಗ ಇನ್ನೊಂದು ಕಾಲೇಜಿನಲ್ಲಿ ಕೆಲಸ ಕಾಯಂ ಆಗಿದೆ, ಬಾಗಿಲ ಮೇಲೆ ಹೆಸರಿನ ಹಿಂದೆ ಡಾಕ್ಟರ್ ಎಂದಿದೆ. ಅವರನ್ನು ನಾನು ಕ್ಷಮಿಸಿಲ್ಲ. ನಾಲ್ಕನೇ ಅಧ್ಯಾಯವನ್ನು ಮಾತ್ರ ತೆಗೆದು ತೆಗೆದು ನೋಡುತ್ತೇನೆ. ಆ ತಪ್ಪನ್ನು ಹುಡುಕುತ್ತ ಹುಡುಕುತ್ತಲೇ ಈ ವಿಷಯ ನಿಜವಾಗಿ ನನ್ನ ತಲೆಗೆ ಇಳಿದದ್ದು. ಪಾಠ ಮಾಡುವಾಗ ಬೋರ್ಡಿನ ಮೇಲೆ ಅದೇ ಲೆಕ್ಕ ಹಾಕಿ, ತಪ್ಪು ಹಿಡಿಯಿರಿ ಎಂದು ಹುಡುಗರಿಗೆ ಕೊಡುತ್ತೇನೆ. ಯಾರಿಗೂ ಸಿಕ್ಕಿಲ್ಲ. ನಾನು ಆ ಪುಟಗಳ ಮಧ್ಯದಲ್ಲಿ ಪೆನ್ನಿಟ್ಟು ಕೂತಾಗ ನನ್ನ ಗಂಡ ಕನಿಕರದಿಂದ ಹೇಳುತ್ತಾರೆ, "ತಪ್ಪೇ ಇಲ್ಲ ಕಣೇ ಅದ್ರಲ್ಲಿ. ಸಾಯೋವಾಗ್ಲೂ ನಿನ್ನ ಗೋಳಾಡಿಸೋಣ ಅಂತ ಹಂಗಂದಿದಾರೆ ಅಷ್ಟೆ."

ಇವರು ಮೇಡಂ ಅವರನ್ನು ಒಂದು ಸಲವೂ ನೋಡಿದವರಲ್ಲ. ಅವರು ನನ್ನ ಕೆಲಸ ಕಳೆದರು, ನನ್ನ ಅತ್ತೆಯ ಸಾವಿಗೆ ಒಂದು ಒಳ್ಳೆಯ ಮಾತಾಡಲಿಲ್ಲ, ನನ್ನನ್ನು ಸಮಿತಿಯೆದುರು ಒಬ್ಬಳೇ ನಿಲ್ಲಿಸಿದರು. ಆದರೆ ನನ್ನ ಬರವಣಿಗೆಯ ಬಗ್ಗೆ ಯಾವತ್ತೂ ಸುಳ್ಳು ಹೇಳಲಿಲ್ಲ. ತಪ್ಪಿದೆ.